ಇದ್ದಿಲು ನಮ್ಮದು, ಸಾಲವೂ ನಮ್ಮದೇ ಆಗಬೇಕೇ?



ನಮ್ಮ ಹೊಲದ ಕಡ್ಡಿಕಸ ಸುಟ್ಟು, ಚೀಲಕ್ಕೆ ತುಂಬಿ, ಇಂಗ್ಲಿಷ್ ಹೆಸರಿಟ್ಟು ನಮಗೇ ಮಾರುವ ಕಾಲ ಬಂದಿದೆ. ಹೆಸರು ಬಯೋಚಾರ್. ಅಂದರೆ ಮತ್ತೇನಲ್ಲ, ಇದ್ದಿಲು. ಹೆಚ್ಚು ಗಾಳಿಯಾಡದಂತೆ ಕಟ್ಟಿಗೆ, ಕಡ್ಡಿ, ಚಿಪ್ಪು ಸುಟ್ಟು, ಬೂದಿಯಾಗುವ ಮೊದಲೇ ಆರಿಸಿ, ಪುಡಿ ಮಾಡಿ ಮಣ್ಣಿಗೆ ಸೇರಿಸುವುದು. ಇದು ಬೇಡ ಎಂದು ನಾನು ಹೇಳುತ್ತಿಲ್ಲ, ಬೇಕು. ಆದರೆ ಸಾಲ ಮಾಡಿ ಚೀಲದಲ್ಲಿ ತರೋದು ಬೇಡ ಅಂತ ಹೇಳೋದಕ್ಕೇ ಈ ನಾಲ್ಕು ಮಾತು.

ಇದು ಹೊಸ ವಿದ್ಯೆಯೂ ಅಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೂಲ ಜನ ನೂರಾರು, ಸಾವಿರಾರು ವರ್ಷಗಳ ಹಿಂದೆ ಇದ್ದಿಲು, ಮೂಳೆ, ಮನೆಯ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ಇವತ್ತಿಗೂ ಸುತ್ತಲಿನ ಮಣ್ಣಿಗಿಂತ ಫಲವತ್ತಾಗಿದೆ. ನಮ್ಮ ಕರಾವಳಿಯ ಸುಡುಮಣ್ಣು ಇದರ ದಾಯಾದಿಯೇ. ತರಗೆಲೆ, ಕಡ್ಡಿಕಸದ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸಿ ಗಿಡದ ಬುಡಕ್ಕೆ ಹಾಕುತ್ತಾರೆ. ಅದಕ್ಕೆ ಯಾರೂ ರಸೀತಿ ಹರಿದಿರಲಿಲ್ಲ.

ಇದ್ದಿಲಿನ ತುಂಬಾ ಸಣ್ಣ ತೂತುಗಳು. ನೀರನ್ನೂ ಗೊಬ್ಬರದ ಸಾರವನ್ನೂ ಹಿಡಿದಿಡುತ್ತವೆ. ಹುಳಿ ಮಣ್ಣಿನ ಹುಳಿಯನ್ನು ಇದ್ದಿಲು ತಗ್ಗಿಸುತ್ತದೆ. 2017ರಲ್ಲಿ ವಿಜ್ಞಾನಿಗಳು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಉಷ್ಣವಲಯದಲ್ಲಿ ಇಳುವರಿ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಿತ್ತು. ಚಳಿ ದೇಶಗಳಲ್ಲಿ ಸರಾಸರಿ ಲಾಭವೇ ಇರಲಿಲ್ಲ. ಲಾಭ ಕಂಡದ್ದು ಮುಖ್ಯವಾಗಿ ಹುಳಿ ಮಣ್ಣಿನಲ್ಲಿ, ಸಾರ ಸತ್ತ ಮಣ್ಣಿನಲ್ಲಿ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಹೊಂದುವ ಮದ್ದು ಚೌಳು ಹಿಡಿದ ಎರೆಭೂಮಿಗೆ ಹೊಂದಬೇಕೆಂದಿಲ್ಲ. ಮಾರುವವನು ಇದನ್ನು ಹೇಳುತ್ತಾನೆಯೇ?

ಈಗ ಲೆಕ್ಕಕ್ಕೆ ಬನ್ನಿ. ಎಕರೆಗೆ ಎರಡು ಟನ್ ಹಾಕಬೇಕು ಅನ್ನಿ. ಕಿಲೋಗೆ 20 ರೂಪಾಯಿ ಎಂದಿಟ್ಟುಕೊಂಡರೂ 40,000 ರೂಪಾಯಿ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886. ಎಕರೆಗೆ ಹತ್ತು ಕ್ವಿಂಟಲ್ ಬೆಳೆಯುವ ಜಾಗದಲ್ಲಿ ಹನ್ನೆರಡೂವರೆ ಬಂತು, ಅದಕ್ಕೆ ಪೂರ್ತಿ ಬೆಂಬಲ ಬೆಲೆಯೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹೆಚ್ಚುವರಿ ಬಂದದ್ದು 12,215. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಕೈಸಾಲ ತಂದಿದ್ದರೆ ವರ್ಷದ ಬಡ್ಡಿಯೇ 9,600. ಉಳಿದದ್ದು 2,615 ರೂಪಾಯಿ. ಅದರಲ್ಲಿ 40,000 ಅಸಲು ತೀರಿಸಲು ಎಷ್ಟು ವರ್ಷ ಬೇಕು, ನೀವೇ ಹೇಳಿ ಸ್ವಾಮಿ. ಇದ್ದಿಲು ಮಣ್ಣಿನಲ್ಲಿ ನೂರು ವರ್ಷ ಕಾಯುತ್ತದೆ, ನಿಜ. ಸಾಲ ಕೊಟ್ಟವನು ಕಾಯ್ತಾನೇನ್ರೀ?

ಆದ್ದರಿಂದ ನಾವೇ ಮಾಡ್ಕೋಬೇಕು. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಎಣ್ಣೆ ಡ್ರಮ್ಮಿನಲ್ಲೇ ತೊಗರಿ, ಹತ್ತಿ ಗಿಡದ ಕಡ್ಡಿಯನ್ನು ಇದ್ದಿಲು ಮಾಡುವ ವಿಧಾನ ರೂಪಿಸಿದೆ. ಡ್ರಮ್ಮಿಲ್ಲದವರು ಮೂರಡಿ ಆಳದ, ಬಾಯಿ ಅಗಲ, ತಳ ಕಿರಿದಾದ ಗುಂಡಿ ತೋಡಿ. ತಳದಲ್ಲಿ ಒಣ ಕಡ್ಡಿ ಹೊತ್ತಿಸಿ. ಮೇಲೆ ಬೂದಿಯ ಬಿಳುಪು ಕಂಡ ಕೂಡಲೇ ಇನ್ನೊಂದು ಪದರ ಹಾಕಿ. ಮೇಲಿನ ಉರಿಯೇ ಕೆಳಕ್ಕೆ ಗಾಳಿ ಹೋಗದಂತೆ ತಡೆಯುತ್ತದೆ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. ನೂರು ಕಿಲೋ ಒಣ ಕಡ್ಡಿಗೆ ಇಪ್ಪತ್ತರಿಂದ ಮೂವತ್ತು ಕಿಲೋ ಸಿಕ್ಕೀತು. ಬಳ್ಳಾರಿ ಜಾಲಿ, ತೆಂಗಿನ ಚಿಪ್ಪು, ಮೆಕ್ಕೆಜೋಳದ ದಿಂಡು ಎಲ್ಲವೂ ಆಗುತ್ತದೆ. ರಾಗಿ ಹುಲ್ಲನ್ನು ಮಾತ್ರ ಮುಟ್ಟಬೇಡಿ, ಅದು ದನದ ಪಾಲು.

ಹಸಿ ಇದ್ದಿಲನ್ನು ನೇರ ಹೊಲಕ್ಕೆ ಹಾಕಿದರೆ ಬೆಳೆಗೆ ಸಿಗಬೇಕಾದ ಸಾರಜನಕವನ್ನು ಮೊದಲು ಅದೇ ಹಿಡಿದುಕೊಳ್ಳಬಹುದು. ತಿಪ್ಪೆಗುಂಡಿಗೆ ಸೇರಿಸಿ, ಗಂಜಲ ಹೊಯ್ದು, ಒಂದೆರಡು ತಿಂಗಳು ಬಿಡಿ. ಇದ್ದಿಲು ಕೊಟ್ಟಿಗೆ ಗೊಬ್ಬರದ ಜೊತೆಗಾರ, ಅದರ ಬದಲಿ ಅಲ್ಲ. ಒಂದೇ ವರ್ಷಕ್ಕೆ ಎಕರೆಗೆ ಎರಡು ಟನ್ ಮಾಡೋಕಾಗಲ್ಲ. ಬೇಕಾಗಿಯೂ ಇಲ್ಲ. ಬೇಗ ಕೊಳೆಯುವ ವಸ್ತುವಲ್ಲ, ವರ್ಷವರ್ಷ ಸ್ವಲ್ಪ ಸ್ವಲ್ಪ ಕೂಡಿಸಿ.

ಇನ್ನೊಂದು ಬೆಲೆಯ ಮಾತಿದೆ, ಅದನ್ನು ನಮಗೆ ಯಾರೂ ಹೇಳುವುದಿಲ್ಲ. ಒಳ್ಳೆಯ ಇದ್ದಿಲು ಒಂದು ಟನ್ ಮಣ್ಣು ಸೇರಿದರೆ ಎರಡು ಟನ್‌ಗೂ ಮೇಲೆ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರದೆ ಉಳಿಯಿತು ಎಂದು ಲೆಕ್ಕ ಕಟ್ಟುತ್ತಾರೆ. ಆ ಲೆಕ್ಕಕ್ಕೆ ಸಂತೆ ಇದೆ. 2025ರ ಜನವರಿಯಲ್ಲಿ ಗೂಗಲ್ ಕಂಪನಿಯು ವರಾಹ ಎಂಬ ಭಾರತದ ಕಂಪನಿಯಿಂದ ಇಂಥ ಒಂದು ಲಕ್ಷ ಟನ್ ಲೆಕ್ಕವನ್ನು 2030ರೊಳಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಂದಮೇಲೆ ನಮ್ಮ ಕಡ್ಡಿಗೆ, ನಮ್ಮ ಮಣ್ಣಿಗೆ ದರ ಇದೆ ಅಂತಾಯಿತಲ್ಲ! ನಾಳೆ ನಿಮ್ಮೂರಿಗೆ ಯಾರಾದರೂ ಕರಾರು ಪತ್ರ ಹಿಡಿದು ಬಂದರೆ ಕನ್ನಡದಲ್ಲಿ ಬರೆದು ತಾ ಅನ್ನಿ. ಟನ್‌ಗೆ ಎಷ್ಟಕ್ಕೆ ಮಾರುತ್ತೀಯ, ಅದರಲ್ಲಿ ರೈತನಿಗೆ ಎಷ್ಟು, ಎಷ್ಟು ವರ್ಷ ನನ್ನ ಹೊಲಕ್ಕೆ ಕಟ್ಟುಪಾಡು ಅಂತ ಊರವರ ಮುಂದೆ ಕೇಳಿ. ಮಸಿ ನಮ್ಮ ಕೈಗೆ, ದುಡ್ಡು ಅವರ ಕೈಗೆ ಅನ್ನೋ ಲೆಕ್ಕ ನಡೆಯೋದಿಲ್ಲ.

ಸರ್ಕಾರಕ್ಕೂ ಎರಡೇ ಮಾತು. ಯೂರಿಯಾ ಕೇಳಿದವನ ಕೊರಳಿಗೆ ಈ ಚೀಲವನ್ನೂ ಕಟ್ಟಬಾರದು. ಸಹಾಯಧನ ಕೊಡುವುದಾದರೆ ಚೀಲ ಮಾರುವವನಿಗೆ ಬೇಡ, ಊರಿಗೊಂದು ಇದ್ದಿಲು ಒಲೆ ಕೊಡಿ, ಮಣ್ಣು ಪರೀಕ್ಷೆ ಸರಿಯಾಗಿ ಮಾಡಿಸಿ.

ನಾವು ಮಾಡಬೇಕಾದ್ದು ಇಷ್ಟು. ಸುಗ್ಗಿ ಮುಗಿದ ಮೇಲೆ ಒಂದು ಗುಂಡಿ ತೋಡಿ. ಒಂದು ಪಟ್ಟೆಗೆ ಇದ್ದಿಲು ಬೆರೆತ ಗೊಬ್ಬರ, ಪಕ್ಕದ ಪಟ್ಟೆಗೆ ಬರೀ ಗೊಬ್ಬರ ಹಾಕಿ. ಎರಡರ ಬೆಳೆಯನ್ನೂ ಬೇರೆ ಬೇರೆ ತೂಗಿ. ತಕ್ಕಡಿ ಏನು ಹೇಳುತ್ತದೋ ಅದನ್ನು ನಂಬಿ.