ಜೇನಿಗೆ ಹೋದವನ ಹಾಜರಿ
ಮೊನ್ನೆ ಕಾಕನಕೋಟೆಯ ದಮ್ಮನಕಟ್ಟೆಯಲ್ಲಿ ಸಫಾರಿ ಬಸ್ಸಿಗೆ ಕಾಯುತ್ತಿದ್ದಾಗ ಬೆಂಗಳೂರಿನ ತಾಯಿಯೊಬ್ಬರು ಒಂಬತ್ತರ ಮಗನನ್ನು ತೋರಿಸಿ, ‘ಇವನಿಗೆ ಮನೆಯೇ ಸ್ಕೂಲು ಸಾರ್, ಇವತ್ತು ಕಾಡೇ ಪಾಠ’ ಅಂದರು. ಹುಡುಗ ಆನೆ ಲದ್ದಿಯ ಚಿತ್ರ ಬರೆಯುತ್ತಿದ್ದ, ಚೆನ್ನಾಗಿಯೇ ಬರೆದಿದ್ದ. ವಾಪಸು ಬರುವಾಗ ಬುಡಕಟ್ಟಿನವರ ಹಾಡಿಯೊಂದರ ಮುಂದೆ ಮೇಷ್ಟ್ರೊಬ್ಬರು ಬೈಕ್ ನಿಲ್ಲಿಸಿಕೊಂಡು, ಆಶ್ರಮಶಾಲೆಗೆ ಬಾರದ ಜೇನುಕುರುಬರ ಹುಡುಗನನ್ನು ಹುಡುಕುತ್ತಿದ್ದರು. ಅವನು ಅಪ್ಪನ ಜೊತೆ ಜೇನಿಗೆ ಹೋಗಿದ್ದನಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಬ್ಬರಿಗೂ ಒಂದೇ: 6ರಿಂದ 14ರವರೆಗಿನ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ ಅದರ 10ನೇ ಸೆಕ್ಷನ್. ಮನೆಯಲ್ಲೇ ಕಲಿಸಿ ಎಂಬ ಅನುಮತಿ ಅದರಲ್ಲಿಲ್ಲ, ಸೇರಿಸದ ಪೋಷಕರಿಗೆ ದಂಡವೂ ಇಲ್ಲ. ಈ ಸಂದಿಯಲ್ಲಿ ಆ ತಾಯಿ ನಿರಾಳ. ಮಗನಿಗೆ 14 ತುಂಬಿದರೆ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ನೇರ ಹತ್ತನೇ ತರಗತಿ ಕಟ್ಟಿಸುತ್ತಾರೆ. ಹಾಡಿಯ ಅಪ್ಪನಿಗೆ ಇದನ್ನೆಲ್ಲ ಹೇಳಿದವರು ಯಾರು? ಹೆಜ್ಜೇನು, ತುಡುವೆ, ಕೋಲುಜೇನು ಎಂದು ಹಾರಾಟದಲ್ಲೇ ಗುರುತಿಸುವ ಅವನ ಮಗ ರಿಜಿಸ್ಟರಿನಲ್ಲಿ ‘ಶಾಲೆ ಬಿಟ್ಟ ಮಗು’. ಮೇಷ್ಟ್ರನ್ನು ದೂರಲಾರೆ, ಅಕ್ಷರ ಬೇಡ ಅನ್ನುವವನೂ ನಾನಲ್ಲ. ಆದರೆ ಆ ಚಿತ್ರಗಾರ ಹುಡುಗನನ್ನು ಹುಡುಕಿಕೊಂಡು ಅವನ ಅಪಾರ್ಟ್‌ಮೆಂಟಿನ ಗೇಟಿಗೆ ಯಾವ ಮೇಷ್ಟ್ರ ಬೈಕೂ ಹೋದದ್ದು ಕೇಳಿಲ್ಲ.