ಗ್ಯಾಸಿನ ಮಾತ್ರೆ, ನಿದ್ದೆಯ ಮಾತ್ರೆ ಎಂದು ಕೊಟ್ಟದ್ದು ಏನು?



ನಮ್ಮ ವಾಳೆಯ ಯಾವುದೇ ನಾಲ್ಕು ಮನೆಗಳ ಮದ್ದಿನ ಡಬ್ಬಿ ತೆರೆದು ನೋಡಿ. ಪ್ರೆಶರಿನದ್ದು, ಶುಗರಿನದ್ದು, ಮೊಣಕಾಲು ನೋವಿನದ್ದು ಇದ್ದೇ ಇರುತ್ತದೆ. ಅವುಗಳ ನಡುವೆ ಅಜ್ಜಿ 'ಗ್ಯಾಸಿಗೆ' ಎಂದು ಹೇಳುವ ಒಂದು ಕ್ಯಾಪ್ಸೂಲ್, ಅಜ್ಜ 'ನಿದ್ದೆಗೆ' ಎಂದು ಹೇಳುವ ಒಂದು ಸಣ್ಣ ಮಾತ್ರೆ ಸಿಗಬಹುದು. ಆ ಕ್ಯಾಪ್ಸೂಲಿನ ಸ್ಟ್ರಿಪ್ ತಿರುಗಿಸಿ, ದೊಡ್ಡ ಬ್ರಾಂಡ್ ಹೆಸರಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ರಾಬೆಪ್ರಜೋಲ್ ಜೊತೆ ಲೆವೋಸಲ್ಪಿರೈಡ್ ಎಂದಿದ್ದರೆ, ಅದರಲ್ಲಿ ಎರಡನೆಯದು ಆ್ಯಂಟಿಸೈಕೋಟಿಕ್ ವರ್ಗದ ಮದ್ದು. ಸ್ಕಿಜೋಫ್ರೇನಿಯಾದಂತಹ ಕಾಯಿಲೆಗೆ ಕೊಡುವ ಮದ್ದುಗಳ ಗುಂಪಿಗೆ ಸೇರಿದ್ದು. ನುಂಗುತ್ತಿರುವ ಅಜ್ಜಿಗೆ ಈ ವಿಷಯವನ್ನು ಯಾರಾದರೂ ಹೇಳಿದ್ದಾರೆಯೇ?

ಅದು ಗ್ಯಾಸಿಗೆ ಕೆಲಸವನ್ನೇ ಮಾಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವ ಈ ಮದ್ದು ಹೊಟ್ಟೆಯಲ್ಲೂ ಅದನ್ನೇ ಮಾಡುತ್ತದೆ. ಹೊಟ್ಟೆ ಬೇಗ ಖಾಲಿಯಾಗುತ್ತದೆ, ವಾಕರಿಕೆ, ಉಬ್ಬರ ಕಡಿಮೆಯಾಗುತ್ತದೆ. ವೈದ್ಯರು ನೋಡಿ, ಕೆಲವು ದಿನಕ್ಕೆ ಎಂದು ಕೊಟ್ಟರೆ ಅದಕ್ಕೂ ಒಂದು ಜಾಗ ಇದೆ. ಆದರೆ ನಮ್ಮ ಕಡೆ ಚೀಟಿಯಲ್ಲಿ 15 ದಿನಕ್ಕೆ ಬರೆದದ್ದು ವರ್ಷಗಟ್ಟಲೆ ನಡೆಯುತ್ತದೆ. ಖಾಲಿ ಸ್ಟ್ರಿಪ್ ಹಿಡಿದುಕೊಂಡು ಮೆಡಿಕಲಿಗೆ ಹೋದರೆ ಸಾಕು, ಹೊಸದು ಸಿಗುತ್ತದೆ. ಹೊಟ್ಟೆಗೆಂದು ನುಂಗಿದ್ದು ಮಿದುಳಿಗೂ ಹೋಗುತ್ತದೆ. ವಯಸ್ಸಾದವರಲ್ಲಿ ಕೈ ನಡುಗಲು ಶುರುವಾಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಮುಖದಲ್ಲಿ ಭಾವನೆಯೇ ಕಾಣುವುದಿಲ್ಲ. ನೋಡಿದವರಿಗೆ ಪಾರ್ಕಿನ್ಸನ್ ಕಾಯಿಲೆಯ ಹಾಗೆಯೇ. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಹೆರಿಗೆಯಾಗದೆಯೇ ಎದೆಯಲ್ಲಿ ಹಾಲು ಬರಬಹುದು. ಮನೆಯವರು 'ಪ್ರಾಯವಾಯಿತಲ್ಲ' ಎನ್ನುತ್ತಾರೆ. ಇನ್ನೊಬ್ಬ ವೈದ್ಯರ ಹತ್ತಿರ ಹೋದರೆ ನಡುಕಕ್ಕೆ ಬೇರೆ ಮಾತ್ರೆ. ಒಂದು ಮದ್ದಿನ ತೊಂದರೆಗೆ ಇನ್ನೊಂದು ಮದ್ದು, ಅದರ ತೊಂದರೆಗೆ ಮತ್ತೊಂದು. ಹೆಚ್ಚಿನವರಲ್ಲಿ ಮೂಲ ಮಾತ್ರೆ ನಿಲ್ಲಿಸಿದರೆ ನಡುಕ ನಿಧಾನಕ್ಕೆ ಹೋಗುತ್ತದೆ, ಎಲ್ಲರಲ್ಲೂ ಹೋಗುವುದಿಲ್ಲ.

ಈಗ ನಿದ್ದೆಯ, ಬೇಸರದ, 'ಟೆನ್ಶನ್ನಿನ' ಮಾತ್ರೆಗೆ ಬರೋಣ. ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿಯ ಡೀನ್‌ಕ್ಸಿಟ್ ಎಂಬುದೊಂದು ಮಾತ್ರೆ. ಅದರಲ್ಲಿ ಎರಡು ಮದ್ದು: ಫ್ಲುಪೆಂಟಿಕ್ಸಾಲ್ ಎಂಬ ಆ್ಯಂಟಿಸೈಕೋಟಿಕ್, ಮೆಲಿಟ್ರಾಸೆನ್ ಎಂಬ ಖಿನ್ನತೆಯ ಮದ್ದು. ತಯಾರಿಸುವ ಕಂಪನಿಯ ಸ್ವಂತ ದೇಶದಲ್ಲಿ ಈ ಮಾತ್ರೆ ಮಾರಾಟದಲ್ಲಿಲ್ಲ, ನಮ್ಮಲ್ಲಿ ಮಾತ್ರ ಧಾರಾಳ. 2012ರ ಮೇ ತಿಂಗಳಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ತನ್ನ 59ನೇ ವರದಿಯಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯನ್ನು ತರಾಟೆಗೆ ತೆಗೆದುಕೊಂಡಾಗ, ಇದಕ್ಕೆ ಇಲ್ಲಿ ಅನುಮತಿ ಸಿಕ್ಕಿದ್ದು ಹೇಗೆ ಎಂದೂ ಕೇಳಿತ್ತು. 2013ರ ಜೂನ್‌ನಲ್ಲಿ ಆರೋಗ್ಯ ಸಚಿವಾಲಯ ಇದನ್ನು ನಿಷೇಧಿಸಿತು. ವಿಷಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಕೊನೆಗೆ ಆದದ್ದೇನು? ಫ್ಲುಪೆಂಟಿಕ್ಸಾಲ್, ಮೆಲಿಟ್ರಾಸೆನ್ ಜೋಡಿ ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಹೆಸರಿನಲ್ಲಿ ಅಂಗಡಿಗಳಲ್ಲಿ ಮುಂದುವರಿಯಿತು. ಮಕ್ಕಳು ಗಲ್ಫಿನಲ್ಲಿ, ಮಂಗಳೂರಿನಲ್ಲಿ. ಮನೆಯಲ್ಲಿ ಒಂಟಿ ಅಮ್ಮ. ಆ ಒಂಟಿತನಕ್ಕೆ ಸಿಕ್ಕ ಉತ್ತರ ಈ ಮಾತ್ರೆ.

ವೈದ್ಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಕೋಪ ಇರುವುದು ಮದ್ದಿನ ಬಗ್ಗೆ ವೈದ್ಯರಿಗೆ ಪಾಠ ಹೇಳುವವನೇ ಅದನ್ನು ಮಾರುವವನೂ ಆಗಿರುವ ವ್ಯವಸ್ಥೆಯ ಮೇಲೆ. ನಮ್ಮ ಜೊತೆ ಬಿಎಸ್ಸಿ ಮುಗಿಸಿದವರಲ್ಲಿ ಮೆಡಿಕಲ್ ರೆಪ್ ಆದವರು ಕಡಿಮೆಯಿಲ್ಲ. ಕೆಟ್ಟವರಲ್ಲ, ಬೈಕಿನಲ್ಲಿ ದಿನವಿಡೀ ಸುತ್ತುವವರು, ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ ಕೆಲಸ ಕಳೆದುಕೊಳ್ಳುವವರು. 1972ರಿಂದ 2005ರವರೆಗೆ ನಮ್ಮ ದೇಶದಲ್ಲಿ ಔಷಧದ ವಸ್ತುವಿಗೇ ಪೇಟೆಂಟ್ ಇರಲಿಲ್ಲ. ಒಂದೇ ಮದ್ದನ್ನು ಎಷ್ಟೋ ಕಂಪನಿಗಳು ಮಾಡಿದವು, ಬೆಲೆ ಇಳಿಯಿತು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಒಳಗಿನ ಮದ್ದು ಒಂದೇ ಆದಾಗ ಒಂದು ಬ್ರಾಂಡಿಗೂ ಇನ್ನೊಂದಕ್ಕೂ ಉಳಿಯುವ ವ್ಯತ್ಯಾಸ ಏನು? ಚೀಲ ಹಿಡಿದು ಬರುವ ಹುಡುಗ, ಮತ್ತು ಆ ಚೀಲದಲ್ಲಿ ಇರುವುದು.

ಚೀಲದಲ್ಲಿ ಏನಿರುತ್ತದೆ ಎಂಬುದು ಗುಟ್ಟೇನೂ ಅಲ್ಲ. 2022ರ ಫೆಬ್ರವರಿ 22ರಂದು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರಿಗೆ ಕೊಟ್ಟ ಉಡುಗೊರೆಯ ಖರ್ಚಿಗೆ ಕಂಪನಿಗಳು ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಉಡುಗೊರೆಗಳ ಪಟ್ಟಿಯೇ ಇದೆ: ಚಿನ್ನದ ನಾಣ್ಯ, ಲ್ಯಾಪ್‌ಟಾಪ್, ಫ್ರಿಜ್, ಟಿವಿ, ವಿದೇಶ ಪ್ರವಾಸ. ಅವುಗಳ ಖರ್ಚು ಕೊನೆಗೆ ಮದ್ದಿನ ಬೆಲೆಯ ಮೂಲಕ ರೋಗಿಯ ತಲೆಗೇ ಬರುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಇಲೈ ಲಿಲ್ಲಿ ಕಂಪನಿ ಓಲಾಂಜಪಿನ್ ಎಂಬ ಆ್ಯಂಟಿಸೈಕೋಟಿಕ್ ಮದ್ದನ್ನು ಮರೆವಿನ ಕಾಯಿಲೆಯ ವೃದ್ಧರಿಗೂ ಕೊಡಿ ಎಂದು ವೃದ್ಧಾಶ್ರಮಗಳಲ್ಲಿ ಪ್ರಚಾರ ಮಾಡಿತು. ಆ ಬಳಕೆಗೆ ಅಲ್ಲಿನ ಸರಕಾರದ ಅನುಮತಿ ಇರಲಿಲ್ಲ. ಪ್ರತಿನಿಧಿಗಳಿಗೆ ಕಲಿಸಿದ ಘೋಷಣೆಯೇ 'ಐದಕ್ಕೆ ಐದು': ಸಂಜೆ 5 ಗಂಟೆಗೆ 5 ಮಿಲಿಗ್ರಾಂ ಕೊಟ್ಟರೆ ಅಜ್ಜ ಅಜ್ಜಿಯರು ರಾತ್ರಿ ಸುಮ್ಮನೆ ಮಲಗುತ್ತಾರೆ! ಯಾರ ಸುಖಕ್ಕೆ? 2009ರ ಜನವರಿಯಲ್ಲಿ ಕಂಪನಿ ತಪ್ಪೊಪ್ಪಿಕೊಂಡು ಒಟ್ಟು 141.5 ಕೋಟಿ ಡಾಲರ್ ಕಟ್ಟಿತು. 2013ರ ನವೆಂಬರಿನಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ರಿಸ್ಪೆರಿಡೋನ್ ಮತ್ತಿತರ ಮದ್ದುಗಳ ಪ್ರಚಾರದ ವಿಷಯದಲ್ಲಿ 220 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿತು. ಅದಕ್ಕೂ ಮೊದಲೇ, 2005ರಲ್ಲಿ, ಅಮೆರಿಕದ ಔಷಧ ಇಲಾಖೆ 17 ಪರೀಕ್ಷೆಗಳ ಲೆಕ್ಕ ನೋಡಿ ಎಚ್ಚರಿಕೆ ಕೊಟ್ಟಿತ್ತು: ಮರೆವಿನ ಕಾಯಿಲೆಯ ವೃದ್ಧರು ಈ ಹೊಸ ಬಗೆಯ ಮದ್ದುಗಳನ್ನು ತೆಗೆದುಕೊಂಡರೆ ಸಾವಿನ ಅಪಾಯ 1.6ರಿಂದ 1.7 ಪಟ್ಟು ಆಗುತ್ತದೆ ಎಂದು. ಅಲ್ಲಿ ತನಿಖೆ ಆಯಿತು, ದಂಡ ಬಿತ್ತು. ಇಲ್ಲಿ?

ಇಲ್ಲಿ 2024ರ ಮಾರ್ಚ್ 12ರಂದು ಔಷಧ ಮಾರಾಟದ ಹೊಸ ಸಂಹಿತೆ ಬಂತು. ಓದಲು ಚೆನ್ನಾಗಿದೆ. ಉಡುಗೊರೆ ಕೊಡಬಾರದು, ಮದ್ದನ್ನು ವಿವರಣೆಯಿಲ್ಲದೆ 'ಸುರಕ್ಷಿತ' ಎನ್ನಬಾರದು, ಅಡ್ಡ ಪರಿಣಾಮವೇ ಇಲ್ಲ ಎಂದು ಹೇಳಬಾರದು ಎಂದೆಲ್ಲ ಇದೆ. ಕಂಪನಿ ತಪ್ಪಿದರೆ ದೂರು ಕೇಳುವುದು ಯಾರು? ಕಂಪನಿಗಳ ಸಂಘದ್ದೇ ಸಮಿತಿ. ಕೋಳಿಗೂಡಿಗೆ ನರಿ ಕಾವಲು.

'ಸುರಕ್ಷಿತ' ಎಂಬ ಮಾತನ್ನು ಕಾರಡ್ಕದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕಾಯಿಲೆಗೆ ಕೊಡುವುದೂ ಮದ್ದು, ಗಿಡಕ್ಕೆ ಬಿಡುವುದೂ ಮದ್ದು. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟಾಗಲೂ ಅದು 'ಮದ್ದು' ಆಗಿತ್ತು, ಸುರಕ್ಷಿತವೂ ಆಗಿತ್ತು. ಬಾಧಿತ ಎಂದು ಸರಕಾರ ಗುರುತಿಸಿದ 11 ಪಂಚಾಯತುಗಳಲ್ಲಿ ನಮ್ಮದೂ ಒಂದು. ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿದವರು ಊರಿನವರೇ: ಕರುಗಳ ಕಾಲು ಸೊಟ್ಟಗಾದದ್ದನ್ನು 1979ರಲ್ಲೇ ಬರೆದ ಪತ್ರಕರ್ತ ಶ್ರೀಪಡ್ರೆ, ತನ್ನ ರೋಗಿಗಳ ಮನೆಗಳನ್ನು ನೋಡಿ ಸಂಶಯಪಟ್ಟ ಡಾ. ವೈ.ಎಸ್. ಮೋಹನ್ ಕುಮಾರ್. ಸುಪ್ರೀಂ ಕೋರ್ಟ್ ದೇಶವಿಡೀ ತಡೆ ಕೊಟ್ಟದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದದ್ದು 2017ರಲ್ಲಿ. ಲೆಕ್ಕ ಹಾಕಿ ನೋಡಿ, ಎಷ್ಟು ವರ್ಷ.

ಕೀಟನಾಶಕವೂ ಮಾತ್ರೆಯೂ ಒಂದೇ ಎಂದು ಯಾರೂ ಇದನ್ನು ಓದಬೇಡಿ. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದಂದಿನಿಂದ, ಸರಪಳಿಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ಇರಬೇಕಾಗಿದ್ದ ಎಷ್ಟೋ ಜನರು ಈ ಮದ್ದುಗಳಿಂದ ಮನೆಗೆ ಮರಳಿದ್ದಾರೆ. ಇಲ್ಲದ ಧ್ವನಿ ಕೇಳಿಸುವವರಿಗೆ, ಎಲ್ಲರೂ ತನ್ನನ್ನು ಕೊಲ್ಲಲು ಬರುತ್ತಾರೆಂದು ಹೆದರಿ ಊಟ ಬಿಟ್ಟವರಿಗೆ ಈ ಮಾತ್ರೆ ಜೀವ ಉಳಿಸುತ್ತದೆ. ಅವರಲ್ಲಿ ಯಾರೂ ಈ ಬರಹ ಓದಿ ಮಾತ್ರೆ ನಿಲ್ಲಿಸಬಾರದು. ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಧ್ಯಾನಕೂಟಕ್ಕೆ ಹೋಗಿ ಬಂದ ಮೇಲೆ ವಿಶ್ವಾಸ ಇದ್ದರೆ ಮಾತ್ರೆ ಬಿಸಾಡು ಎಂದು ಉಪದೇಶ ಮಾಡುವವರಿಗೂ ಒಂದು ಮಾತು: ಶುಗರಿನ ಮಾತ್ರೆ ಬಿಸಾಡಲು ನೀವು ಹೇಳುವುದಿಲ್ಲವಲ್ಲ?

ನಮಗೆ ಅತ್ಯಂತ ಸಿಟ್ಟು ಬರುವುದು ಇಲ್ಲಿಯೇ. ನಿಜವಾಗಿ ಈ ಮದ್ದು ಬೇಕಾದ ಹುಡುಗ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಡಬೇಕು. ಗೊತ್ತಾದರೆ ತಂಗಿಯ ಮದುವೆ ಸಂಬಂಧ ತಪ್ಪುತ್ತದೆ, ಪೂಜೆಗೆ ಬಂದರೆ ಪಕ್ಕದ ಬೆಂಚಿನಲ್ಲಿ ಪಿಸುಮಾತು. ಅದೇ ಗುಂಪಿನ ಮದ್ದನ್ನು 'ಗ್ಯಾಸಿಗೆ' ಎಂದು ಊಟದ ಮೇಜಿನ ಮೇಲೆ ಇಟ್ಟವರಿಗೆ ನಾಚಿಕೆಯಿಲ್ಲ, ಎಚ್ಚರಿಕೆಯೂ ಇಲ್ಲ. ಒಬ್ಬನಿಗೆ ಹೆಸರಿನಿಂದಲೇ ಶಿಕ್ಷೆ, ಇನ್ನೊಬ್ಬಳಿಗೆ ಹೆಸರು ಮುಚ್ಚಿಟ್ಟದ್ದರಿಂದ ತೊಂದರೆ. ಎರಡರಿಂದಲೂ ಮಾರುವವನಿಗೆ ನಷ್ಟವಿಲ್ಲ.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ. ಅಲ್ಲಿ ಒಬ್ಬಳು ಹೆಂಗಸು ಹನ್ನೆರಡು ವರ್ಷ ಹಲವು ವೈದ್ಯರ ಹತ್ತಿರ ಅಲೆದು, ಇದ್ದ ಹಣವನ್ನೆಲ್ಲ ಕಳೆದುಕೊಂಡು, ಗುಣವಾಗುವ ಬದಲು ಇನ್ನಷ್ಟು ಹದಗೆಟ್ಟವಳು. ಶುಭಸಂದೇಶ ಅದನ್ನು ಮುಚ್ಚಿಡದೆ ಬರೆದಿದೆ. ಅದೇ ಅಧ್ಯಾಯದ ಮೊದಲಲ್ಲಿ ಗೋರಿಗಳ ನಡುವೆ ಕಿರುಚುತ್ತಿದ್ದವನು ಸ್ವಸ್ಥನಾಗಿ, ಬಟ್ಟೆ ತೊಟ್ಟು ಕುಳಿತಿದ್ದಾನೆ. ಊರಿನವರಿಗೆ ಸಂತೋಷವಾಗಬೇಕಿತ್ತು. ಸುಮಾರು ಎರಡು ಸಾವಿರ ಹಂದಿಗಳು ಹೋದವಲ್ಲ! ಯೇಸುವನ್ನೇ ಊರು ಬಿಟ್ಟು ಹೋಗು ಎಂದರು.

ನಮ್ಮ ಬೇಡಿಕೆ ದೊಡ್ಡದಲ್ಲ, ಕಾನೂನಿನಲ್ಲಿ ಈಗಾಗಲೇ ಬರೆದದ್ದೇ. 2017ರ ಮಾನಸಿಕ ಆರೋಗ್ಯ ಕಾಯಿದೆಯ 22ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಯ ರೋಗಿಗೂ ಅವರು ಆರಿಸಿದ ಪ್ರತಿನಿಧಿಗೂ ಚಿಕಿತ್ಸೆ ಏನು, ಅದರ ಅಡ್ಡ ಪರಿಣಾಮ ಏನು ಎಂದು ತಿಳಿಯುವ ಹಕ್ಕಿದೆ. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಈ ಕೊನೆಯ ಮಾತನ್ನು ಗಡಿನಾಡಿನ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸ್ಟ್ರಿಪ್ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಬೋರ್ಡು ಮಲಯಾಳದಲ್ಲಿ, ಅಮ್ಮನಿಗೆ ಗೊತ್ತಿರುವುದು ಕನ್ನಡ, ತುಳು, ಕೊಂಕಣಿ. ರಸ್ತೆಯ ಬೋರ್ಡಿಗೆ ಕನ್ನಡ ಬೇಕೆಂದು ನಾವು ಹೋರಾಡುತ್ತೇವೆ, ಸರಿ. ಅಮ್ಮನ ಮೈಯೊಳಗೆ ಹೋಗುವುದಕ್ಕೂ ಬೇಡವೇ? ಹಕ್ಕು ಮಾನಸಿಕ ಕಾಯಿಲೆಯವರದ್ದು ಎಂದು ಕಾಯಿದೆ ಹೇಳಿದರೂ, ಗ್ಯಾಸಿಗೆಂದು ಅದೇ ಮದ್ದು ನುಂಗುವವರು ಕೇಳಬಾರದು ಎಂದು ಎಲ್ಲೂ ಇಲ್ಲ.

ಆದುದರಿಂದ ವೈದ್ಯರ ಮುಂದೆ ಕುಳಿತಾಗ ಕೇಳಿ: ಇದು ಯಾವ ವರ್ಗದ ಮದ್ದು, ಎಷ್ಟು ದಿನಕ್ಕೆ, ನಿಲ್ಲಿಸುವುದು ಹೇಗೆ. ಓಲಾಂಜಪಿನ್‌ನಂತಹವು ಶುರುವಾಗುವ ಮೊದಲೇ ತೂಕ, ಶುಗರ್, ಕೊಬ್ಬು ನೋಡಿಸಿ, ಆಮೇಲೂ ಆಗಾಗ ನೋಡಿಸಿ. ಈ ಮಾತ್ರೆಯಿಂದ ತೂಕವೂ ಶುಗರೂ ಏರುತ್ತವೆ. ಕ್ಲೋಜಪಿನ್ ತೆಗೆದುಕೊಳ್ಳುವವರು ರಕ್ತ ಪರೀಕ್ಷೆ ತಪ್ಪಿಸಲೇಬೇಡಿ. ತುಟಿ, ನಾಲಿಗೆ ತಾನಾಗಿ ಆಡಲು ಶುರುವಾದರೆ, ಒಂದು ಕಡೆ ಕುಳಿತುಕೊಳ್ಳಲಾಗದ ಚಡಪಡಿಕೆ ಬಂದರೆ ಬೇಗ ಹೇಳಿ. ಜೋರು ಜ್ವರದ ಜೊತೆ ಮೈ ಮರದ ಹಾಗೆ ಬಿಗಿದರೆ ಬೆಳಗಾಗಲು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಅಡ್ಡ ಪರಿಣಾಮವನ್ನು ರೋಗಿಯ ಮನೆಯವರೇ ಸರಕಾರಕ್ಕೆ ತಿಳಿಸಬಹುದು, 1800 180 3024ಕ್ಕೆ ಕರೆ ಉಚಿತ. ಮನಸ್ಸಿನ ತೊಂದರೆಗೆ ಮಾತನಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ.

ಬರುವ ಭಾನುವಾರ ಪೂಜೆಯಾದ ಮೇಲೆ ನಾವು ಯುವಜನರು ಚರ್ಚಿನ ಸಭಾಂಗಣದಲ್ಲಿ ಇರುತ್ತೇವೆ. ಮನೆಯ ಸ್ಟ್ರಿಪ್‌ಗಳನ್ನು, ಚೀಟಿಗಳನ್ನು ತನ್ನಿ. ಒಳಗೆ ಯಾವ ಮದ್ದಿದೆ ಎಂದು ಓದಿ ಕನ್ನಡದಲ್ಲಿ ಬರೆದು ಕೊಡುತ್ತೇವೆ, ಪಕ್ಕದಲ್ಲಿ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನೂ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ನಾವು ಹೇಳುವುದಿಲ್ಲ, ಅದು ವೈದ್ಯರ ಕೆಲಸ. ಬರಲಾಗದ ಅಜ್ಜ ಅಜ್ಜಿಯರಿದ್ದರೆ ವಾಳೆಯ ಗುರಿಕಾರರಿಗೆ ಹೇಳಿಡಿ, ಮನೆಗೇ ಬರುತ್ತೇವೆ.