ಕನ್ನಡದ ಕೀಲಿಮಣೆಗೂ ಮನವಿಪತ್ರವೇ?

ಮನವಿ ಬರೆಯುವುದರಲ್ಲಿ ಕಾಸರಗೋಡಿನ ಕನ್ನಡಿಗರಾದ ನಾವು ನಿಷ್ಣಾತರು. 1956ರಿಂದ ಕೈ ಪಳಗಿದೆ. ಅವುಗಳಲ್ಲಿ ಹಲವು ನ್ಯಾಯವಾದವೇ. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನು ಕುರಿತ ಸಂವಿಧಾನದ 350ಎ ವಿಧಿಯನ್ನು ಆಡಳಿತಕ್ಕೆ ನೆನಪಿಸುತ್ತಲೇ ಇರಬೇಕು. ಆದರೆ 'ಶಾಲೆಯ ಗಣಕಗಳಲ್ಲಿ ಕನ್ನಡವಿಲ್ಲ' ಎಂಬ ದೂರನ್ನು ಮಾತ್ರ ನಾನು ಒಪ್ಪಲಾರೆ.

ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವುದು ಉಬುಂಟು ಮೂಲದ ಗ್ನೂ/ಲಿನಕ್ಸ್. ಮುಕ್ತ ತಂತ್ರಾಂಶವಾದುದರಿಂದ ಅದನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಪರವಾನಗಿಯಲ್ಲಿಯೇ ಇದೆ. ಉಬುಂಟುವಿನಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸಗಳು ಮೊದಲೇ ಅಡಕವಾಗಿವೆ, ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕಗಪವೂ ಅದರಲ್ಲುಂಟು. ಮಲಗಿರುವುದನ್ನು ಎಬ್ಬಿಸುವವರಿಲ್ಲ, ಅಷ್ಟೆ. ಮಗು ಪ್ರತಿ ಹೊಸ ಖಾತೆಯಲ್ಲೂ ಸೆಟ್ಟಿಂಗ್ಸ್ ತಡಕಾಡಿ ಕನ್ನಡವನ್ನು ಹುಡುಕುವಷ್ಟರಲ್ಲಿ ಪಿರಿಯಡ್ ಕರಗಿರುತ್ತದೆ. ಕೊನೆಗೆ ಇಂಗ್ಲಿಷಿನಲ್ಲಿಯೇ ಹೆಸರು ಬರೆದು ಏಳುತ್ತದೆ.

ಇದಕ್ಕೆ ಬೇಕಾದುದು ಒಂದು ಪುಟ್ಟ ಆರಂಭಿಕ ಸ್ಕ್ರಿಪ್ಟ್. ಗ್ನೋಮ್ ಪರಿಸರದಲ್ಲಿ ಜಿಸೆಟ್ಟಿಂಗ್ಸ್ ಎಂಬ ಆದೇಶದಿಂದ ಇಂಗ್ಲಿಷ್, ಕನ್ನಡ, ಮಲಯಾಳ ಮೂರನ್ನೂ ಪಟ್ಟಿಗೆ ಸೇರಿಸುವ ಒಂದೇ ಸಾಲು. (ಮಲಯಾಳವನ್ನು ತೆಗೆಯಬೇಡಿ, ನಮ್ಮ ಮಕ್ಕಳಿಗೆ ಅದೂ ಬೇಕು.) ಆ ಸ್ಕ್ರಿಪ್ಟನ್ನು ಕರೆಯುವ ಡೆಸ್ಕ್‌ಟಾಪ್ ಕಡತವೊಂದನ್ನು ಇಟಿಸಿ, ಎಕ್ಸ್‌ಡಿಜಿ, ಆಟೋಸ್ಟಾರ್ಟ್ ಎಂಬ ಕ್ರಮದ ಕೋಶದಲ್ಲಿಟ್ಟರೆ, ಯಾರು ಲಾಗಿನ್ ಆದರೂ ಕನ್ನಡ ಸಿದ್ಧವಾಗಿರುತ್ತದೆ. ಕೆಲವರು ಇದನ್ನೇ ಆರ್‌ಸಿ ಲೋಕಲ್‌ನಲ್ಲಿ ತುರುಕಿ, ಫಲ ಕಾಣದೆ ಲಿನಕ್ಸನ್ನೇ ಹಳಿಯುತ್ತಾರೆ. ಅದು ಯಾರೂ ಲಾಗಿನ್ ಆಗುವ ಮುನ್ನವೇ ರೂಟ್‌ನ ಹೆಸರಿನಲ್ಲಿ ಓಡಿ ಮುಗಿಯುತ್ತದೆ. ಮಗುವಿನ ಕೀಲಿಮಣೆಯನ್ನು ಮುಟ್ಟುವುದೇ ಇಲ್ಲ.

'ಅಧ್ಯಾಪಕರಿಗೆ ಇದೆಲ್ಲ ಬಾರದು' ಎನ್ನುವಿರೇನು? ಷಟ್ಪದಿಗೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸಬಲ್ಲವರಿಗೆ ಒಂದು ಸಾಲಿನ ಉದ್ಧರಣ ಚಿಹ್ನೆಗಳನ್ನು ಸರಿಯಾಗಿಡಲು ಬಾರದೆ? 'ಸರಕಾರಿ ಯಂತ್ರ, ಕೈಯಿಡಬಾರದು' ಎಂಬುದು ಇನ್ನೊಂದು ನೆಪ. ಶಾಲೆಯ ಐಟಿ ಸಂಯೋಜಕರ ಒಪ್ಪಿಗೆ ಪಡೆಯಿರಿ, ಒಂದು ಯಂತ್ರದಲ್ಲಿ ಪರೀಕ್ಷಿಸಿರಿ, ಬಳಿಕ ಉಳಿದವುಗಳಿಗೆ ನಕಲಿಸಿರಿ. ಅಂತರ್ಜಾಲದಲ್ಲಿ ಸಿಕ್ಕ ಸ್ಕ್ರಿಪ್ಟನ್ನು ಓದದೆ ರೂಟ್ ಅಧಿಕಾರದಲ್ಲಿ ಓಡಿಸುವ ದುಸ್ಸಾಹಸ ಮಾತ್ರ ಬೇಡ.

ಗಣಕಗಳಿಗೆ ಹೊಸ ಆವೃತ್ತಿ ತುಂಬಿಸಿದಾಗ ಈ ಕಡತವೂ ಅಳಿಸಿಹೋಗುತ್ತದೆ. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಟ್ಟು, ಹಾಜರಿ ಪುಸ್ತಕದ ಜೊತೆಗೆ ಬೀರುವಿನಲ್ಲಿರಿಸಿರಿ.